ಗಡ್ಡೆಯ ಬಿರುಸು, ಸತ್ತೇಗಾಲದ ಲೆಕ್ಕ

ಮೆದುಳಿನಲ್ಲಿ ಗಡ್ಡೆ ಎಂದ ಕೂಡಲೇ ಮನೆಯವರು ಕೇಳುವುದು ಒಂದೇ: ಎಷ್ಟು ದಿನ? ಗ್ಲಯೋಮಾ ಎಂಬ ಗಡ್ಡೆಗಳ ಮಟ್ಟಿಗೆ ಇದಕ್ಕೆ ಸೂಕ್ಷ್ಮದರ್ಶಕವೊಂದೇ ಉತ್ತರ ಕೊಡುತ್ತಿದ್ದ ಕಾಲ ಮುಗಿದಿದೆ. ಸಾಧುವಾಗಿ ಕಾಣುವ ಕೋಶಗಳೂ ಬೇಗನೆ ಕೆರಳುವುದುಂಟು. 2008ರಲ್ಲಿ, ಗ್ಲಯೋಮಾಗಳಲ್ಲೇ ಅತಿ ಬಿರುಸಾದ ಗ್ಲಯೋಬ್ಲಾಸ್ಟೋಮಾಗಳ ಅಧ್ಯಯನದಲ್ಲಿ ಐಡಿಎಚ್1 ಎಂಬ ಜೀನಿನ ಬದಲಾವಣೆ ಕಂಡುಬಂತು. ಅದಿರುವ ಗಡ್ಡೆ ಸಾಮಾನ್ಯವಾಗಿ ನಿಧಾನ, ಇಲ್ಲದ್ದು ಬಿರುಸು. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣ ಇನ್ನೂ ಮುಂದೆ ಹೋಯಿತು. ವಯಸ್ಕರ ಹರಡುವ ಆಸ್ಟ್ರೋಸೈಟೋಮಾ ಎಂಬ ಗ್ಲಯೋಮಾದಲ್ಲಿ ಐಡಿಎಚ್ ಬದಲಾವಣೆ ಇಲ್ಲದೆ ಟರ್ಟ್ ಜೀನಿನ ಸ್ವಿಚ್ಚು ಮಾತ್ರ ಬದಲಾಗಿದ್ದರೆ, ಕೋಶಗಳು ಎಷ್ಟೇ ಸೌಮ್ಯವಾಗಿ ಕಂಡರೂ ಅದು ಗ್ಲಯೋಬ್ಲಾಸ್ಟೋಮಾವೇ.

ಕರ್ನಾಟಕಕ್ಕೆ ಈ ಕೆಲಸ ಹೊಸದಲ್ಲ. ನಿಮ್ಹಾನ್ಸ್‌ನ ವಾಣಿ ಸಂತೋಷ್, ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಮತ್ತು ಸಂಗಡಿಗರು ಗ್ಲಯೋಬ್ಲಾಸ್ಟೋಮಾದಲ್ಲಿ ಐಜಿಎಫ್‌ಬಿಪಿ-3 ಎಂಬ ಪ್ರೋಟೀನು ಹೆಚ್ಚಿದ್ದಲ್ಲಿ ಆಯುಷ್ಯ ಕಡಿಮೆಯೆಂದು 2010ರಲ್ಲಿ ತೋರಿಸಿದರು. 2013ರಲ್ಲಿ 14 ಜೀನುಗಳ ಸೂಚಿಯೊಂದನ್ನು ಮುಂದಿಟ್ಟರು. ಇವು ನಿತ್ಯದ ಚಿಕಿತ್ಸೆಗೆ ಇಳಿದಿಲ್ಲ ನಿಜ. ಇಳಿದಿರುವ ಪರೀಕ್ಷೆಗಳಾದರೂ ಎಲ್ಲರಿಗೂ ಸಿಗಬೇಡವೇ? 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುತ್ತಲ ಹಳ್ಳಿಗಳ ತಲೆಯ ಮೇಲೆ ಹಾದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಈ ಜ್ಞಾನವೂ ಹಾಗೆ ಶಿವನಸಮುದ್ರದ ಪಕ್ಕದ ಸತ್ತೇಗಾಲದಂಥ ಹಳ್ಳಿಗಳನ್ನು ದಾಟಿ ಹೋಗಬಾರದು.

ಹೇಗೂ ವಾಸಿಯಾಗದ ರೋಗಕ್ಕೆ ಬಡವರು ಇಷ್ಟೆಲ್ಲ ಪರೀಕ್ಷೆಗೆ ಯಾಕೆ ಖರ್ಚು ಮಾಡಬೇಕು ಎಂಬ ಆಕ್ಷೇಪ ಇದ್ದೇ ಇದೆ. ನನ್ನ ಲೆಕ್ಕ ಇದಕ್ಕೆ ತಿರುಗುಮುರುಗು: ಆಸ್ಪತ್ರೆ ದೂರವಿದ್ದಷ್ಟೂ ಪರೀಕ್ಷೆ ಹೆಚ್ಚು ಬೇಕು. ಕೊಳ್ಳೇಗಾಲ, ಹನೂರು, ಯಳಂದೂರಿನವರು ಇಂಥ ಗಡ್ಡೆಗೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ರೂಢಿಯ ವಿಕಿರಣ ಚಿಕಿತ್ಸೆ ಆರು ವಾರದ್ದು, ವಾರಕ್ಕೆ ಐದು ದಿನ; ಜೊತೆಗಿರುವವರ ಕೂಲಿ, ವಾಸ್ತವ್ಯ ಬೇರೆ. ಎಂಜಿಎಂಟಿ ಎಂಬ ಜೀನು ಟೆಮೊಜೊಲೊಮೈಡ್ ಮಾತ್ರೆ ಮಾಡಿದ ಪೆಟ್ಟನ್ನು ಗಡ್ಡೆಯೊಳಗೆ ರಿಪೇರಿ ಮಾಡುತ್ತದೆ. ಮೀಥೈಲ್ ಬೀಗ ಬಿದ್ದು ಆ ಜೀನು ಸುಮ್ಮನಾಗಿದ್ದರೆ ಮಾತ್ರೆ ನಾಟುತ್ತದೆ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೀಗ ಬಿದ್ದವರ ಮಧ್ಯಮ ಆಯುಷ್ಯ ವಿಕಿರಣದ ಜೊತೆ ಮಾತ್ರೆ ಸಿಕ್ಕಾಗ 21.7 ತಿಂಗಳು, ಬೀಳದವರದು 12.7. ಎರಡನ್ನೂ ಒಟ್ಟಿಗೆ ತಾಳದ ವೃದ್ಧರ ವಿಷಯದಲ್ಲಿ 2012ರ ಎರಡು ಯುರೋಪಿಯನ್ ಅಧ್ಯಯನಗಳು ದಾರಿ ತೋರಿದವು: ಬೀಗ ಬಿದ್ದಿದ್ದರೆ ಮನೆಯಲ್ಲೇ ನುಂಗುವ ಮಾತ್ರೆ, ಇಲ್ಲದಿದ್ದರೆ ವಿಕಿರಣ. ಹಳ್ಳಿಯ ಮುದುಕರೊಬ್ಬರಿಗೆ ಇದು ಎಷ್ಟು ದಿನ ಊರಲ್ಲಿರಬಹುದು ಎಂಬ ಪ್ರಶ್ನೆ.

ಖರ್ಚೂ ಭಯಪಡಿಸುವಷ್ಟಿಲ್ಲ. ಗ್ಲಯೋಮಾಗಳ ಐಡಿಎಚ್ ಬದಲಾವಣೆಗಳಲ್ಲಿ ಸುಮಾರು 90% ಒಂದೇ ಬಗೆಯವು. ಪ್ರತಿಕಾಯದಿಂದ ಬಣ್ಣ ಹಚ್ಚಿದರೆ ಸಿಕ್ಕಿಬೀಳುತ್ತವೆ. 55 ದಾಟಿದವರಲ್ಲಿ ಗಡ್ಡೆ ಗ್ಲಯೋಬ್ಲಾಸ್ಟೋಮಾದಂತೆಯೇ ಕಂಡು, ಬಣ್ಣ ಹಿಡಿಯದೆ, ಹಿಂದೆ ಕೆಳದರ್ಜೆಯ ಗಡ್ಡೆಯೂ ಇರದಿದ್ದರೆ ಐಡಿಎಚ್‌ಗಾಗಿ ದುಬಾರಿ ಜೀನ್ ಓದು ಸಾಮಾನ್ಯವಾಗಿ ಬೇಕಿಲ್ಲ. ಶಸ್ತ್ರಚಿಕಿತ್ಸೆಯ ತುಣುಕನ್ನು ಮೇಣದ ಅಚ್ಚಿನಲ್ಲಿಟ್ಟಿರುತ್ತಾರೆ. ಪರೀಕ್ಷೆಗೆ ಪ್ರಯಾಣ ಮಾಡಬೇಕಾದದ್ದು ಅದು, ರೋಗಿಯಲ್ಲ. ಅಂಕಿಗಳು ಗುಂಪಿನವು, ಒಬ್ಬ ವ್ಯಕ್ತಿಯ ಹಣೆಬರಹವಲ್ಲ ಎಂಬ ಎಚ್ಚರಿಕೆಯೂ ಸರಿಯೇ: 21.7 ತಿಂಗಳೆಂದರೆ ಅರ್ಧದಷ್ಟು ಜನ ಅದಕ್ಕೂ ಹೆಚ್ಚು ಬದುಕಿದರು ಎಂದರ್ಥ, ವೈದ್ಯರು ಅದನ್ನು ಹಾಗೆಯೇ ಬಿಡಿಸಿ ಹೇಳಬೇಕು.