ಉಪ್ಪುನೀರಿನ ತೊಟ್ಟಿಯಲ್ಲಿ ಶುಚಿಕಾರ ಮೀನು

ಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯಿಟ್ಟು ಕಡಲಮೀನು ಸಾಕುವ ಹವ್ಯಾಸವು ನಗರಗಳಲ್ಲಿ ಅಲ್ಲಲ್ಲಿ ಉಂಟು. ಅಂಥವರಿಗೆ ಅಂಗಡಿಯವರು ಒಂದು ಸಣ್ಣ ಮೀನನ್ನು ತೋರಿಸಿ, 'ಇದೊಂದನ್ನು ಬಿಡಿ, ಉಳಿದವುಗಳ ರೋಗವೆಲ್ಲ ಹೋಗುತ್ತದೆ' ಎನ್ನುವುದುಂಟು. ಈ ಮಾತಿನಲ್ಲಿ ನಿಜವೆಷ್ಟೆಂಬುದನ್ನು ಹಣ ಕೊಡುವ ಮೊದಲೇ ತಿಳಿಯುವುದು ಲೇಸು.

ಈ ಮೀನಿಗೆ ಇಂಗ್ಲಿಷಿನಲ್ಲಿ 'ಕ್ಲೀನರ್ ರಾಸ್' ಎಂದು ಹೆಸರು. ಗೇಣಿಗಿಂತ ಚಿಕ್ಕದು, ತಿಳಿನೀಲಿ ಮೈಮೇಲೆ ಮೂತಿಯಿಂದ ಬಾಲದವರೆಗೆ ಒಂದು ಕಪ್ಪು ಪಟ್ಟೆ. ಲಕ್ಷದ್ವೀಪ, ಅಂಡಮಾನ್‌ಗಳ ಹವಳದ ದಿಬ್ಬಗಳಲ್ಲಿಯೂ ಇದು ವಾಸಿಸುತ್ತದೆ. ಅಲ್ಲಿ ಇದು ಒಂದು ಗೊತ್ತಾದ ಜಾಗದಲ್ಲಿ ಕಸಬು ನಡೆಸುತ್ತದೆ. ಕ್ಷೌರದಂಗಡಿಗೆ ಬರುವಂತೆ ದೊಡ್ಡ ಮೀನುಗಳು ಬಂದು ಸರತಿ ಕಾಯುತ್ತವೆ. ಬಾಯಿ ತೆರೆದು ನಿಲ್ಲುತ್ತವೆ. ಇದು ಅವುಗಳ ಮೈ, ಕಿವಿರು, ಬಾಯೊಳಗೆ ಅಂಟಿದ ರಕ್ತ ಹೀರುವ ಹುಳುಗಳನ್ನು ಹೆಕ್ಕಿ ತಿನ್ನುತ್ತದೆ. ಹೀಗೆ ಒಂದು ಮೀನು ದಿನಕ್ಕೆ ಸರಾಸರಿ 1,200ರಷ್ಟು ಹುಳುಗಳನ್ನು ತಿನ್ನುವುದೆಂದು ಆಸ್ಟ್ರೇಲಿಯದ ವಿಜ್ಞಾನಿ ಅಲೆಕ್ಸಾಂಡ್ರಾ ಗ್ರಟರ್ 1996ರಲ್ಲಿ ಪ್ರಕಟಿಸಿದರು.

ತೊಡಕು ಇರುವುದು ಇಲ್ಲಿಯೇ. ನಾಲ್ಕಾರು ಮೀನುಗಳ ತೊಟ್ಟಿಯಲ್ಲಿ ಅಷ್ಟು ಹುಳು ಎಲ್ಲಿಂದ ಬರಬೇಕು? ನೂರಾರು ಗಿರಾಕಿಗಳಿದ್ದ ಕಸಬುದಾರನನ್ನು ನಾಲ್ಕು ಮನೆಯ ಊರಿನಲ್ಲಿ ಕೂರಿಸಿದಂತಾಯಿತು. ಹುಳು ಸಿಗದಾಗ ಅದು ಜೊತೆಯ ಮೀನುಗಳ ಮೈಲೋಳೆಯನ್ನೇ ಕಚ್ಚಿ ಪೀಡಿಸುತ್ತದೆ. ಕೈಯಿಂದ ಹಾಕಿದ ಆಹಾರವನ್ನು ಅನೇಕ ಮೀನುಗಳು ಮುಟ್ಟುವುದೇ ಇಲ್ಲ; ಹಸಿವಿನಿಂದ ಸೊರಗಿ ಸಾಯುತ್ತವೆ.

ಇನ್ನು ರೋಗದ ಮಾತು. ಕಡಲಮೀನುಗಳಿಗೆ ತಗಲುವ ಬಿಳಿಚುಕ್ಕೆ ರೋಗದ ಜೀವಾಣು ಚರ್ಮದ ಒಳಗೆ ಹುದುಗಿರುತ್ತದೆ. ಶುಚಿಕಾರನ ಬಾಯಿಗೆ ಅದು ಎಟುಕದು. ಬಲಿತ ಮೇಲೆ ಅದು ತಳಕ್ಕಿಳಿದು, ಒಂದು ನೂರಾಗಿ ಒಡೆದು, ಮತ್ತೆ ಮೀನುಗಳನ್ನು ಹುಡುಕುತ್ತ ಈಜುತ್ತದೆ. ಆದುದರಿಂದ ಹೊಸ ಮೀನನ್ನು ನಾಲ್ಕರಿಂದ ಆರು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡುವುದೇ ಸರಿಯಾದ ದಾರಿ. ತಾಮ್ರದ ಔಷಧಿ ಬೇಕಾದರೆ ಆ ಬೇರೆ ತೊಟ್ಟಿಯಲ್ಲಿಯೇ, ಪ್ರಮಾಣವನ್ನು ಅಳೆದು ಹಾಕತಕ್ಕದ್ದು. ಸಿಗಡಿ, ಹವಳಗಳಿಗೆ ಅದು ವಿಷ.

ಶುಚಿಕಾರ ಬೇಕೇಬೇಕೆನ್ನುವವರು 'ನಿಯಾನ್ ಗೋಬಿ'ಯನ್ನು ಕೇಳಬಹುದು. ಎರಡು ಅಂಗುಲದ ಈ ಮೀನನ್ನು ತೊಟ್ಟಿಗಳಲ್ಲಿಯೇ ಮರಿಮಾಡಿಸುತ್ತಾರೆ; ಹಾಕಿದ ಆಹಾರವನ್ನು ಇದು ಸುಲಭವಾಗಿ ತಿನ್ನುತ್ತದೆ. ಮೊದಲಿನ ಮೀನನ್ನು ಈಗಾಗಲೇ ತಂದವರು ಸಿಗಡಿಯನ್ನು ನುಣ್ಣಗೆ ಹೆಚ್ಚಿ ದಿನಕ್ಕೆ ಮೂರು ನಾಲ್ಕು ಸಲ ಹಾಕಲಿ. ಹಾರುವ ಜಾತಿಯಾದ್ದರಿಂದ ತೊಟ್ಟಿಗೆ ಮುಚ್ಚಳವಿರಲಿ.

ಹೊಸದಾಗಿ ಕೊಳ್ಳುವವರು ಯಾವ ಮೀನನ್ನೇ ಆಗಲಿ, ಅಂಗಡಿಯಲ್ಲಿ ಅದು ಆಹಾರ ತಿನ್ನುವುದನ್ನು ಕಣ್ಣಾರೆ ಕಂಡ ಬಳಿಕವೇ ಹಣ ಕೊಡತಕ್ಕದ್ದು.