ಕಾಲೇಜಿನ ಬಾಗಿಲಲ್ಲಿ ನಮ್ಮ ಮಕ್ಕಳು

ಹನ್ನೆರಡನೆಯ ತರಗತಿಯ ಪರೀಕ್ಷಾ ಫಲಿತಾಂಶವು ಪ್ರಕಟವಾಗುವ ಮೇ ತಿಂಗಳಿನಿಂದ ಕಾಲೇಜುಗಳು ತೆರೆಯುವವರೆಗೆ ದಿಲ್ಲಿಯ ಕನ್ನಡಿಗರ ಮನೆಗಳಲ್ಲಿ ಒಂದು ವಿಧದ ಕಳವಳವು ನೆಲೆಸಿರುತ್ತದೆ. ರಾಮಕೃಷ್ಣಪುರದ ಸರಕಾರಿ ವಸತಿಯಲ್ಲಿರುವ ಗುಮಾಸ್ತರ ಮನೆಯಾಗಲಿ, ಮುನಿರ್ಕಾದ ಒಂದೇ ಕೋಣೆಯಲ್ಲಿ ಸಂಸಾರ ಹೂಡಿರುವ ಹೋಟೆಲು ಕಾರ್ಮಿಕರ ಮನೆಯಾಗಲಿ, ನೋಯಿಡಾ, ಗುರುಗ್ರಾಮಗಳ ಹೊಸ ಬಡಾವಣೆಯಾಗಲಿ, ಎಲ್ಲೆಡೆಯಲ್ಲಿಯೂ ಕೇಳಿಬರುವ ಪ್ರಶ್ನೆ ಒಂದೇ: ಮಗುವಿಗೆ ಸೀಟು ಸಿಕ್ಕೀತೇ?

ನಮ್ಮಲ್ಲಿ ಅನೇಕರಿಗೆ ಈ ಪ್ರಶ್ನೆಯು ಸಾಮಾನ್ಯವಾದುದಲ್ಲ. ಏಳನೆಯ ತರಗತಿಗೋ ಎಸ್ಸೆಸ್ಸೆಲ್ಸಿಗೋ ಶಾಲೆಗೆ ಶರಣು ಹೊಡೆದು, ಊರಿನಿಂದ ರೈಲು ಹತ್ತಿ ಬಂದು, ಲೋಟ ತೊಳೆಯುವುದರಿಂದ ಆರಂಭಿಸಿ ಗಲ್ಲಾದವರೆಗೆ ಏರಿದ ತಂದೆಗೆ ಮಗಳ ಪದವಿಯೆಂಬುದು ಗೋಡೆಗೆ ತೂಗುಹಾಕುವ ಚಿತ್ರಪಟವಲ್ಲ. ಅದು ಇಡಿಯ ಮನೆತನವು ದಾಟಬೇಕಾಗಿರುವ ಹೊಳೆಗೆ ಹಾಕಿದ ಸಂಕ. ಆದರೆ ಇಂತಹ ತಂದೆಯೇ ಅರ್ಜಿ ತುಂಬುವ ಸಮಯದಲ್ಲಿ, “ನನಗೇನು ತಿಳಿಯುತ್ತದೆ? ಎಲ್ಲ ಇಂಗ್ಲಿಷಿನಲ್ಲಿದೆ, ನೀನೇ ನೋಡಿಕೋ ಮಗಾ” ಎಂದು ದೂರ ಸರಿದುಬಿಡುತ್ತಾನೆ. ಹದಿನೇಳು ವರುಷದ ಮಗುವು ಒಂಟಿಯಾಗಿ ಆ ಭಾರವನ್ನು ಹೊರುತ್ತದೆ. ಇದು ಉಚಿತವಲ್ಲ, ಅಗತ್ಯವೂ ಅಲ್ಲ. ಪ್ರವೇಶಕ್ಕೆ ಸಂಬಂಧಿಸಿದ ಕಾರ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇಂಗ್ಲಿಷನ್ನಲ್ಲ, ಮುನ್ನೆಚ್ಚರಿಕೆಯನ್ನು ಬೇಡುವಂಥವು. ಮುನ್ನೆಚ್ಚರಿಕೆಯಾದರೋ ಹೋಟೆಲು ನಡೆಸುವವರಿಗೂ ಕಡತ ನೋಡುವವರಿಗೂ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಬದಲಾದ ಪದ್ಧತಿ

1922ರಲ್ಲಿ ಸ್ಥಾಪಿತವಾದ ದಿಲ್ಲಿ ವಿಶ್ವವಿದ್ಯಾನಿಲಯವು ಬಹುಕಾಲ ಹನ್ನೆರಡನೆಯ ತರಗತಿಯ ಅಂಕಗಳನ್ನೇ ನೋಡಿ ಪ್ರವೇಶ ಕೊಡುತ್ತಿದ್ದಿತು. 2021ರಲ್ಲಿ ಕೆಲವು ಕಾಲೇಜುಗಳು ಕೆಲವು ವಿಷಯಗಳಿಗೆ ನೂರಕ್ಕೆ ನೂರು ಅಂಕಗಳನ್ನೇ ಗಡಿಯಾಗಿ ಘೋಷಿಸಿದುದನ್ನು ವಾಚಕರು ಮರೆತಿರಲಾರರು. 2022ರಿಂದ ಈ ಪದ್ಧತಿಯು ಹೋಗಿ, ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯು ಬಂದಿದೆ. 2025ರ ನಿಯಮದಂತೆ ವಿದ್ಯಾರ್ಥಿಯು ಹೆಚ್ಚೆಂದರೆ ಐದು ವಿಷಯಗಳನ್ನು ಆರಿಸಿಕೊಳ್ಳಬಹುದು. ಪ್ರತಿಯೊಂದಕ್ಕೂ 60 ನಿಮಿಷಗಳಲ್ಲಿ 50 ಪ್ರಶ್ನೆಗಳು. ಸರಿಯುತ್ತರಕ್ಕೆ 5 ಅಂಕ, ತಪ್ಪಿಗೆ 1 ಅಂಕದ ಕಡಿತ. ಪ್ರಶ್ನೆಪತ್ರಿಕೆಯು 13 ಭಾಷೆಗಳಲ್ಲಿ ದೊರೆಯುತ್ತದೆ. ಅವುಗಳಲ್ಲಿ ಕನ್ನಡವೂ ಒಂದು.

ಇದರ ತಾತ್ಪರ್ಯವನ್ನು ತಂದೆತಾಯಿಗಳು ಚೆನ್ನಾಗಿ ಗ್ರಹಿಸಬೇಕು. ದಿಲ್ಲಿ ವಿಶ್ವವಿದ್ಯಾನಿಲಯದ ಹೆಚ್ಚಿನ ಪದವಿ ತರಗತಿಗಳಿಗೆ ಹನ್ನೆರಡನೆಯ ತರಗತಿಯ ಅಂಕಗಳು ಮುಖ್ಯವಾಗಿ ಅರ್ಹತೆಯನ್ನು ಮಾತ್ರ ಕೊಡುತ್ತವೆ. ಸ್ಥಾನವನ್ನು ನಿರ್ಧರಿಸುವುದು ಪ್ರವೇಶ ಪರೀಕ್ಷೆಯೇ. ಆದುದರಿಂದ ತೊಂಬತ್ತೈದು ಅಂಕ ಬಂದಿತೆಂದು ಲಾಡು ಹಂಚಿ ನಿಶ್ಚಿಂತರಾಗುವಂತಿಲ್ಲ. ಎಪ್ಪತ್ತು ಬಂದಿತೆಂದು ಮಗುವನ್ನು ಹಂಗಿಸುವುದಕ್ಕೂ ಕಾರಣವಿಲ್ಲ.

ಹನ್ನೊಂದರಲ್ಲಿಯೇ ಆರಂಭ

ಪ್ರವೇಶದ ಚಿಂತೆಯು ಫಲಿತಾಂಶದ ದಿನ ಆರಂಭವಾಗತಕ್ಕದ್ದಲ್ಲ. ಹನ್ನೊಂದನೆಯ ತರಗತಿಗೆ ಸೇರಿಸುವಾಗಲೇ ಅರ್ಧ ನಿರ್ಣಯವಾಗಿರುತ್ತದೆ. ಹನ್ನೆರಡರಲ್ಲಿ ಓದಿದ ವಿಷಯಗಳಲ್ಲಿಯೇ ಪ್ರವೇಶ ಪರೀಕ್ಷೆ ಬರೆಯಬೇಕೆಂಬುದು ದಿಲ್ಲಿ ವಿಶ್ವವಿದ್ಯಾನಿಲಯದ ನಿಯಮ. ಗಣಿತವು ಕಠಿಣವೆಂದು ಹನ್ನೊಂದರಲ್ಲಿ ಬಿಟ್ಟ ಹುಡುಗನು ಅರ್ಥಶಾಸ್ತ್ರದ ಆನರ್ಸ್ ಪದವಿಯನ್ನು ಬಯಸಿದರೆ ಆ ಬಾಗಿಲು ಅವನಿಗೆ ಮುಚ್ಚಿರುತ್ತದೆ. ಎರಡು ವರುಷ ಮೊದಲು ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಾಗುತ್ತಿದ್ದಿತು.

ಶಾಲೆಯು ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯವಾದುದು. ದಿಲ್ಲಿ ತಾಂತ್ರಿಕ ವಿಶ್ವವಿದ್ಯಾನಿಲಯ, ಗುರು ಗೋವಿಂದ ಸಿಂಗ್ ಇಂದ್ರಪ್ರಸ್ಥ ವಿಶ್ವವಿದ್ಯಾನಿಲಯ, ಅಂಬೇಡ್ಕರ್ ವಿಶ್ವವಿದ್ಯಾನಿಲಯ ಮೊದಲಾದ ದಿಲ್ಲಿ ಸರಕಾರದ ಸಂಸ್ಥೆಗಳಲ್ಲಿ ನೂರಕ್ಕೆ 85 ಸ್ಥಾನಗಳು ದಿಲ್ಲಿಯ ವಿದ್ಯಾರ್ಥಿಗಳಿಗೆ ಮೀಸಲಾಗಿವೆ. ದಿಲ್ಲಿಯ ವಿದ್ಯಾರ್ಥಿಯೆಂದರೆ ಯಾರು? ದಿಲ್ಲಿಯಲ್ಲಿ ಮನೆಯುಳ್ಳವನಲ್ಲ, ದಿಲ್ಲಿಯ ಗಡಿಯೊಳಗಿನ ಶಾಲೆಯಿಂದ ಹನ್ನೆರಡನೆಯ ತರಗತಿ ತೇರ್ಗಡೆಯಾದವನು. ಬಾಡಿಗೆ ಕಡಿಮೆಯೆಂದು ಗಾಜಿಯಾಬಾದಿಗೋ ಫರೀದಾಬಾದಿಗೋ ಮನೆ ಬದಲಿಸಿ, ಮಗುವನ್ನೂ ಅಲ್ಲಿಯ ಶಾಲೆಗೆ ಹಾಕಿದರೆ, ಉಳಿದ 15 ಸ್ಥಾನಗಳಿಗಾಗಿ ಭಾರತದ ಎಲ್ಲ ರಾಜ್ಯಗಳ ಮಕ್ಕಳೊಡನೆ ಅದು ಸೆಣಸಬೇಕಾಗುತ್ತದೆ. ಮೆಟ್ರೋ ರೈಲಿನಲ್ಲಿ ಮುಕ್ಕಾಲು ಗಂಟೆ ಹೆಚ್ಚು ಪ್ರಯಾಣವಾದರೂ ಕೊನೆಯ ಎರಡು ವರುಷಗಳನ್ನು ದಿಲ್ಲಿಯ ಶಾಲೆಯಲ್ಲಿಯೇ ಮುಗಿಸುವುದು ಲಾಭವೇ ಎಂಬುದನ್ನು ಮನೆ ಬದಲಿಸುವ ಮುಂಚೆ ಲೆಕ್ಕ ಹಾಕಬೇಕು. ದಿಲ್ಲಿ ವಿಶ್ವವಿದ್ಯಾನಿಲಯವು ಕೇಂದ್ರ ಸಂಸ್ಥೆಯಾದುದರಿಂದ ಅದರ ಸಾಮಾನ್ಯ ಪ್ರವೇಶಕ್ಕೆ ಈ ಭೇದವು ಅನ್ವಯಿಸುವುದಿಲ್ಲ.

ಕಾಗದಪತ್ರಗಳ ಗಂಟು

ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಮೊದಲನೆಯದು ಹೆಸರು. ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಅನಂತರ ಸ್ವಂತ ಹೆಸರು ಎಂಬುದು ನಮ್ಮ ಕಡೆಯ ರೂಢಿ. ಉತ್ತರದ ಶಾಲೆಗಳಲ್ಲಿಯಾದರೋ ಮನೆತನದ ಹೆಸರನ್ನು ಕೇಳುತ್ತಾರೆ. ಹೀಗಾಗಿ ಜನನ ಪತ್ರದಲ್ಲಿ ಒಂದು, ಆಧಾರ್ ಚೀಟಿಯಲ್ಲಿ ಇನ್ನೊಂದು, ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಮತ್ತೊಂದು ಹೆಸರು ನಿಲ್ಲುತ್ತದೆ. ತಂದೆಯ ಹೆಸರಿನದೂ ಇದೇ ಗತಿ. ಇವೆಲ್ಲವನ್ನೂ ಹತ್ತನೆಯ ತರಗತಿಯ ಪರೀಕ್ಷಾ ನೋಂದಣಿಗೆ ಮೊದಲೇ ಒಂದುಗೂಡಿಸಿದರೆ ಮುಂದಿನ ಎಷ್ಟೋ ಅಲೆದಾಟ ತಪ್ಪುತ್ತದೆ.

ಎರಡನೆಯದು ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳು. ಹಿಂದುಳಿದ ವರ್ಗದವರು ಊರಿನಿಂದ 2ಎ, 3ಬಿ ಎಂದು ಬರೆದ ಪತ್ರವನ್ನು ತಂದು, ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಅದು ಕರ್ನಾಟಕ ರಾಜ್ಯದ ಪಟ್ಟಿ. ಕೇಂದ್ರ ವಿಶ್ವವಿದ್ಯಾನಿಲಯಕ್ಕೆ ಬೇಕಾದುದು ಕೇಂದ್ರದ ಪಟ್ಟಿಗೆ ಸೇರಿದ, ಕೆನೆಪದರಕ್ಕೆ ಸೇರದವರೆಂದು ಹೇಳುವ, ಕೇಂದ್ರದ ನಮೂನೆಯಲ್ಲಿರುವ ಪತ್ರ. ಒಂದು ಪಟ್ಟಿಯಲ್ಲಿರುವ ಜಾತಿಯು ಇನ್ನೊಂದರಲ್ಲಿ ಇಲ್ಲದಿರುವುದೂ ಉಂಟು. ಮೇಲಾಗಿ ಇದು ಪ್ರವೇಶದ ವರುಷದ ಏಪ್ರಿಲ್ ಆರಂಭದ ಅನಂತರ ಪಡೆದುದಾಗಿರಬೇಕು. ಹಳೆಯ ಪತ್ರವು ನಡೆಯದು. ಆರ್ಥಿಕವಾಗಿ ದುರ್ಬಲರಾದವರಿಗೆ 2019ರಿಂದ ಇರುವ ನೂರಕ್ಕೆ ಹತ್ತರ ಮೀಸಲಾತಿಯ ಪತ್ರವೂ ಪ್ರತಿ ಹಣಕಾಸಿನ ವರುಷಕ್ಕೆ ಹೊಸದಾಗಿಯೇ ಬೇಕು. ದಿಲ್ಲಿಯಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಾದರೆ ಪತ್ರವನ್ನು ಇಲ್ಲಿಯ ಕಛೇರಿಯಿಂದ ಪಡೆಯಬೇಕೋ ಊರಿನ ನಾಡಕಚೇರಿಯಿಂದಲೋ ಎಂಬುದನ್ನು ಮುಂಚಿತವಾಗಿ ವಿಚಾರಿಸಬೇಕು. ಎಲ್ಲಿ ಹೋದರೂ ತಂದೆಯ ಮೂಲ ಪತ್ರವನ್ನು ಕೇಳುವುದು ಸಹಜವಾದುದರಿಂದ, ದೀಪಾವಳಿಗೋ ಮದುವೆಗೋ ಊರಿಗೆ ಹೋದಾಗ ಅದನ್ನು ಹುಡುಕಿ ತಂದಿರಿಸಿಕೊಳ್ಳುವುದು ಜಾಣತನ.

ಪರೀಕ್ಷೆ ಮತ್ತು ಆಯ್ಕೆಯ ಪಟ್ಟಿ

ಪರೀಕ್ಷೆಯ ದಿನ, ಸ್ಥಳಗಳು ಕೊನೆಯ ಘಳಿಗೆಯಲ್ಲಿ ಬದಲಾಗುವುದುಂಟು. 2024ರ ಮೇ 15ರಂದು ದಿಲ್ಲಿಯ ಕೇಂದ್ರಗಳಲ್ಲಿ ನಡೆಯಬೇಕಾಗಿದ್ದ ಪರೀಕ್ಷೆಯನ್ನು ಹಿಂದಿನ ದಿನವಷ್ಟೇ ಮುಂದೂಡಿ ಮೇ 29ಕ್ಕೆ ನಿಗದಿಪಡಿಸಲಾಯಿತು. ನೋಯಿಡಾ, ಗುರುಗ್ರಾಮ, ಫರೀದಾಬಾದುಗಳಲ್ಲಿ ಅದು ನಿಂತ ದಿನದಂದೇ ನಡೆಯಿತು. ಆದುದರಿಂದ ಮಗುವಿನ ಜೊತೆಯಲ್ಲಿ ತಂದೆಯೂ ದಿನಕ್ಕೊಮ್ಮೆ ಅಧಿಕೃತ ಪ್ರಕಟಣೆಯನ್ನು ನೋಡುವ ಅಭ್ಯಾಸವಿಟ್ಟುಕೊಳ್ಳಲಿ. ಮೇ ತಿಂಗಳ ಬಿಸಿಲಿನಲ್ಲಿ ಅಪರಿಚಿತ ಸ್ಥಳಕ್ಕೆ ಮಗುವನ್ನು ಕರೆದೊಯ್ದು ಹೊರಗೆ ಮರದ ನೆರಳಿನಲ್ಲಿ ಕಾದು ನಿಲ್ಲುವುದಕ್ಕೆ ಇಂಗ್ಲಿಷು ಬೇಕಾಗಿಲ್ಲ. ಒಂದು ದಿನದ ರಜೆ ಸಾಕು.

ಪರೀಕ್ಷೆ ಬರೆದ ಮಾತ್ರಕ್ಕೆ ದಿಲ್ಲಿ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಿದಂತಾಗುವುದಿಲ್ಲ. ಸೀಟು ಹಂಚಿಕೆಗಾಗಿರುವ ವಿಶ್ವವಿದ್ಯಾನಿಲಯದ ಪ್ರತ್ಯೇಕ ಜಾಲತಾಣದಲ್ಲಿ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ಅನಂತರ ಕಾಲೇಜು ಮತ್ತು ವಿಷಯಗಳ ಜೋಡಿಗಳನ್ನು ಇಷ್ಟದ ಕ್ರಮದಲ್ಲಿ ತುಂಬಬೇಕು. ಇಲ್ಲಿ ಎರಡು ಮಾತುಗಳನ್ನು ನೆನಪಿನಲ್ಲಿಡಬೇಕು. ಒಂದು, ಪಟ್ಟಿಯು ಉದ್ದವಾಗಿರಲಿ. ಐದಾರು ಪ್ರಸಿದ್ಧ ಕಾಲೇಜುಗಳನ್ನು ಮಾತ್ರ ಬರೆದು ಕುಳಿತವರು ಬರಿಗೈಯಲ್ಲಿ ಮರಳುವ ಅಪಾಯವುಂಟು. ಎರಡು, ಮೊದಲು ಸಿಕ್ಕಿದ ಸೀಟನ್ನು ನಿಗದಿತ ಅವಧಿಯೊಳಗೆ ಒಪ್ಪಿಕೊಳ್ಳದಿದ್ದರೆ ಹಂಚಿಕೆಯಿಂದಲೇ ಹೊರಬೀಳಬೇಕಾಗುತ್ತದೆ. ಒಪ್ಪಿ, ಶುಲ್ಕ ಕಟ್ಟಿ, ಮೇಲಿನ ಆಯ್ಕೆಗಾಗಿ ಕಾಯುವುದಕ್ಕೆ ಅವಕಾಶವಿದೆ. “ಇನ್ನೂ ಒಳ್ಳೆಯದು ಬರಲಿ” ಎಂದು ಕೈಯಲ್ಲಿದ್ದುದನ್ನು ಬಿಟ್ಟುಬಿಡಬಾರದು.

ಮನೆಯಿಂದ ಕಾಲೇಜಿಗೆ ಎಷ್ಟು ಹೊತ್ತಿನ ದಾರಿ, ಹೆಣ್ಣುಮಗಳಾದರೆ ಸಂಜೆ ಮರಳುವ ಬಸ್ಸಿನ ಸೌಕರ್ಯವೇನು ಎಂಬುದನ್ನು ಹೇಳಬೇಕಾದವರು ತಂದೆತಾಯಿಗಳು. ರಾಮಕೃಷ್ಣಪುರದವರಿಗೆ ಧೌಲಾ ಕುವಾದಲ್ಲಿರುವ, 1961ರಲ್ಲಿ ತಿರುಮಲ ತಿರುಪತಿ ದೇವಸ್ಥಾನವು ಸ್ಥಾಪಿಸಿದ ಶ್ರೀ ವೆಂಕಟೇಶ್ವರ ಕಾಲೇಜು ಸಮೀಪವಾದರೆ, ಯಮುನೆಯಾಚೆಯವರಿಗೆ ಬೇರೆ ಕಾಲೇಜು ಅನುಕೂಲವಾದೀತು. ಆದರೆ ಯಾವ ವಿಷಯವನ್ನು ಓದಬೇಕೆಂಬುದನ್ನು ಓದುವವರೇ ಹೇಳಲಿ.

ಬೇರೆ ಬಾಗಿಲುಗಳು

ಬಯಸಿದ ಸೀಟು ದೊರೆಯದಿದ್ದರೆ ವಿದ್ಯೆಯೇ ಮುಗಿಯಿತೆಂದು ತಿಳಿಯಬಾರದು. ಈ ವಿಶ್ವವಿದ್ಯಾನಿಲಯಕ್ಕೆ ಸಂಜೆಯ ಕಾಲೇಜುಗಳೂ ಇವೆ, ಪದವಿಯಲ್ಲಿ ಭೇದವಿಲ್ಲ. ದಿಲ್ಲಿಯಲ್ಲಿ ವಾಸಿಸುವ ಹೆಣ್ಣುಮಕ್ಕಳಿಗಾಗಿಯೇ ಮಹಿಳಾ ಶಿಕ್ಷಣ ಮಂಡಲಿಯೊಂದಿದೆ. ಎನ್‌ಸಿವೆಬ್ ಎಂದು ಎಲ್ಲರೂ ಕರೆಯುವ ಇದರ ತರಗತಿಗಳು ಮುಖ್ಯವಾಗಿ ಶನಿವಾರ, ಭಾನುವಾರಗಳಂದು ನಡೆಯುತ್ತವೆ, ಪ್ರವೇಶವು ಹನ್ನೆರಡನೆಯ ತರಗತಿಯ ಅಂಕಗಳ ಮೇಲೆ. 1962ರಲ್ಲಿ ಅಂಚೆಯ ಮೂಲಕ ಪಾಠ ಹೇಳಲು ಆರಂಭಿಸಿದ ಸಂಸ್ಥೆಯು ಇಂದು ಮುಕ್ತ ಕಲಿಕಾ ಶಾಲೆಯೆಂದು ನಡೆಯುತ್ತಿದೆ. 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ಪ್ರಧಾನ ಕಛೇರಿಯು ನಮ್ಮ ಮೈದಾನ್ ಗಢಿಯಲ್ಲಿಯೇ ಇದೆ. ಹಗಲು ದುಡಿದು ಮುಂಬಯಿಯ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತ ಹೋಟೆಲು ಮಾಣಿಗಳ ಪರಂಪರೆಯವರಾದ ನಮಗೆ ಇವುಗಳನ್ನು ಕೀಳೆಂದು ಕಾಣಲು ಯಾವ ಕಾರಣವೂ ಇಲ್ಲ. “ಕಾಲೇಜು ಸಿಗಲಿಲ್ಲ, ಇನ್ನು ಮದುವೆ ಮಾಡಿಬಿಡೋಣ” ಎಂಬ ಮಾತು ಕೆಲವು ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ವಾರಕ್ಕೆರಡು ದಿನದ ತರಗತಿಯಿರುವ ಊರಿನಲ್ಲಿ ಆ ಮಾತಿಗೆ ಆಧಾರವಿಲ್ಲ.

ಊರಿನ ಕಡೆಗೂ ಒಂದು ಬಾಗಿಲಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಸಿಇಟಿ ಪರೀಕ್ಷೆಯಲ್ಲಿ ಹೊರನಾಡ ಮತ್ತು ಗಡಿನಾಡ ಕನ್ನಡಿಗರ ಮಕ್ಕಳಿಗೆ, ನಿಬಂಧನೆಗಳಿಗೊಳಪಟ್ಟು, ಅವಕಾಶವುಂಟು. ಆದರೆ ಅವರು ಪ್ರತ್ಯೇಕವಾಗಿ ಒಂದು ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಮನೆಯಲ್ಲಿ ಕನ್ನಡ ಮಾತನಾಡಿದರೂ ಅಕ್ಷರ ಬಾರದ ಮಕ್ಕಳು ಈ ಹೊಸ್ತಿಲಲ್ಲಿಯೇ ನಿಂತುಬಿಡುತ್ತಾರೆ. ದಿಲ್ಲಿಯಲ್ಲಿ ಕನ್ನಡದಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಇದೊಂದು ಉತ್ತರ. ದಿನಕ್ಕೆ ಅರ್ಧ ಗಂಟೆ ಮಗುವನ್ನು ಕುಳ್ಳಿರಿಸಿಕೊಂಡು ಈ ಪತ್ರಿಕೆಯನ್ನು ಓದಿಸಿದರೂ ಸಾಕು; ಆ ಪಾಠವನ್ನು ಹೇಳಿಕೊಡಲು ತಂದೆಗಿಂತ ಉತ್ತಮ ಗುರುವು ಈ ನಗರದಲ್ಲಿ ದೊರೆಯಲಾರನು.

ಹಣ ಮತ್ತು ಮಧ್ಯವರ್ತಿಗಳು

“ಸೀಟು ಕೊಡಿಸುತ್ತೇನೆ” ಎಂದು ಮುಂಗಡ ಕೇಳುವವರಿಗೆ ಒಂದು ಕಾಸನ್ನೂ ಕೊಡಬಾರದು. ಹಂಚಿಕೆಯು ಅಂಕ, ವರ್ಗ ಮತ್ತು ಆಯ್ಕೆಯ ಪಟ್ಟಿಯ ಮೇಲೆ ಯಂತ್ರದಿಂದ ನಡೆಯುತ್ತದೆ. ಅಲ್ಲಿ ಯಾರ ಶಿಫಾರಸೂ ಸಾಗದು. ಚೀಟಿಯ ಹಣವನ್ನೆತ್ತಿ, ಹೆಂಡತಿಯ ಬಳೆಯನ್ನು ಅಡವಿಟ್ಟು ಇಂಥವರ ಕೈಗೆ ಸುರಿಯುವುದಕ್ಕಿಂತ ನ್ಯಾಯವಾದ ಸಹಾಯವನ್ನು ಹುಡುಕುವುದು ಮೇಲು. ಬಡ ವಿದ್ಯಾರ್ಥಿಗಳಿಗೆ ಶುಲ್ಕ ವಿನಾಯಿತಿ ಇದೆಯೇ ಎಂದು ಆಯಾ ಕಾಲೇಜಿನಲ್ಲಿಯೇ ಸಂಕೋಚವಿಲ್ಲದೆ ಕೇಳಬೇಕು. ಕೇಂದ್ರ ಸರಕಾರವು 2024ರ ನವೆಂಬರಿನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಂತೆ, ಗೊತ್ತುಪಡಿಸಿದ ಸಂಸ್ಥೆಗಳಲ್ಲಿ ಪ್ರವೇಶ ಪಡೆದವರಿಗೆ ಅಡಮಾನವಿಲ್ಲದೆ ಬ್ಯಾಂಕು ಸಾಲ ದೊರೆಯುತ್ತದೆ; ವರುಷಕ್ಕೆ 8 ಲಕ್ಷ ರೂಪಾಯಿಗಳವರೆಗಿನ ಆದಾಯದ ಕುಟುಂಬಗಳಿಗೆ ಬಡ್ಡಿಯಲ್ಲಿ ರಿಯಾಯಿತಿಯೂ ಉಂಟು. ಇವುಗಳ ನಿಯಮಗಳು ವರುಷದಿಂದ ವರುಷಕ್ಕೆ ಬದಲಾಗುವುದರಿಂದ ಆಯಾ ವರುಷದ ಪ್ರಕಟಣೆಯನ್ನು ಓದಿಯೇ ಮುಂದುವರಿಯಬೇಕು.

ಮನೆಯ ಮಾತು

ಈ ಮೂರು ತಿಂಗಳು ಮಗುವು ಹೇಗಿದೆ ಎಂಬುದನ್ನು ಗಮನಿಸುವವರಾರು? ರಾತ್ರಿ ಹನ್ನೊಂದಕ್ಕೆ ಹೋಟೆಲು ಮುಚ್ಚಿ ಬರುವ ತಂದೆಗೆ ಮಗನ ಮುಖವು ನಿದ್ರೆಯಲ್ಲಿ ಮಾತ್ರ ಕಾಣಸಿಗುತ್ತದೆ. ಸಿಕ್ಕ ಅಲ್ಪ ಸಮಯದಲ್ಲಿ ಪಕ್ಕದ ಮನೆಯ ಹುಡುಗನ ಅಂಕಗಳನ್ನು ಎತ್ತಿ ಆಡುವುದು, “ನಿನಗಾಗಿ ನಾನು ಎಷ್ಟು ಸವೆದೆ” ಎಂದು ಲೆಕ್ಕ ಒಪ್ಪಿಸುವುದು ನಮ್ಮಲ್ಲಿ ಕಂಡುಬರುವ ರೂಢಿ. ಮಗುವಿಗೆ ಆ ಲೆಕ್ಕವು ಹೇಳದೆಯೇ ತಿಳಿದಿರುತ್ತದೆ. ತನ್ನ ಸೋಲಿನಿಂದ ತಂದೆಯ ಇಪ್ಪತ್ತು ವರುಷದ ದುಡಿಮೆಯೇ ವ್ಯರ್ಥವಾಗುವುದೆಂಬ ಭಯವನ್ನು ಅದು ಯಾರಿಗೂ ಹೇಳದೆ ನುಂಗಿಕೊಂಡಿರುತ್ತದೆ. ಅನ್ನ ಸೇರದಿದ್ದರೆ, ಮಾತು ಕಡಿಮೆಯಾದರೆ, ತಾಯಿಯು ಅದನ್ನು ಹಟವೆಂದು ತಿಳಿಯದೆ ಬಳಿಯಲ್ಲಿ ಕುಳಿತು ವಿಚಾರಿಸಲಿ. “ಈ ವರುಷ ಆಗದಿದ್ದರೆ ಇನ್ನೊಂದು ದಾರಿ ನೋಡೋಣ, ಮಗಾ, ನಾವಿದ್ದೇವೆ” ಎಂಬ ಮಾತನ್ನು ಫಲಿತಾಂಶದ ಮೊದಲೇ ತಂದೆಯು ಆಡಲಿ.

ಹೋಟೆಲುಗಳ ಯಜಮಾನರಲ್ಲಿಯೂ ನಮ್ಮದೊಂದು ಬಿನ್ನಹವಿದೆ. ಪರೀಕ್ಷೆಯ ದಿನ ಮತ್ತು ಪ್ರವೇಶದ ದಿನ, ಈ ಎರಡು ದಿನಗಳ ರಜೆಯನ್ನು ಸಂಬಳ ಕಡಿಯದೆ ಕೊಟ್ಟರೆ ಅದರಿಂದ ವ್ಯಾಪಾರಕ್ಕೆ ಬರುವ ನಷ್ಟ ಅಲ್ಪ. ನಗರದ ಕನ್ನಡ ಸಂಘಗಳು ಜೂನ್, ಜುಲೈ ತಿಂಗಳ ಭಾನುವಾರಗಳಂದು ಒಂದು ಮೇಜು, ಒಂದು ಕಂಪ್ಯೂಟರು, ಕಾಲೇಜಿನಲ್ಲಿ ಓದುತ್ತಿರುವ ನಮ್ಮವರೇ ಆದ ಇಬ್ಬರು ತರುಣರನ್ನು ಕುಳ್ಳಿರಿಸಿದರೆ ಎಷ್ಟೋ ಅರ್ಜಿಗಳು ತಪ್ಪಿಲ್ಲದೆ ಹೋಗುತ್ತವೆ. ಹತ್ತನೆಯ ತರಗತಿಯಲ್ಲಿ ಮಕ್ಕಳಿರುವ ತಂದೆತಾಯಿಗಳಾದರೋ ಮುಂದಿನ ಮೇ ತಿಂಗಳನ್ನು ಕಾಯುವುದು ಬೇಡ. ಈ ಭಾನುವಾರವೇ ಪೆಟ್ಟಿಗೆಯನ್ನು ತೆರೆದು, ಮಗುವಿನ ಹೆಸರು ಯಾವ ಕಾಗದದಲ್ಲಿ ಹೇಗಿದೆ ಎಂಬುದನ್ನು ಒಮ್ಮೆ ನೋಡಲಿ.