ಎರಡು ದೀಪ, ಒಂದೇ ಬೆಂಕಿಪೊಟ್ಟಣ

ಕರೆಂಟು ಹೋದರೆ ಇರಲಿ ಅಂತ ನಾವು ಬುಡ್ಡಿ ದೀಪ ಇಟ್ಟಿರುತ್ತೇವೆ. ಒಂದು ಸಾಲದು ಅಂತ ಎರಡು ಇಡುತ್ತೇವೆ. ಆದರೆ ಮನೆಯಲ್ಲಿರೋದು ಒಂದೇ ಬೆಂಕಿಪೊಟ್ಟಣ. ಅದು ಮಳೆಗೆ ನೆನೆದರೆ? ಎರಡು ದೀಪವೂ ಹತ್ತೋದಿಲ್ಲ.

ದೊಡ್ಡ ಯಂತ್ರಗಳಲ್ಲೂ ಹೀಗಾಗುತ್ತದೆ. ಜಪಾನ್ ದೇಶದ ಫುಕುಶಿಮಾದಲ್ಲಿ, ಸಮುದ್ರದ ದಡದಲ್ಲಿ, ಅಣು ವಿದ್ಯುತ್ ಕೇಂದ್ರ ಇತ್ತು. ಅಲ್ಲಿ ಆರು ಘಟಕ. ಸೌದೆ ಒಲೆ ಆರಿಸಿದ ಮೇಲೂ ಕೆಂಡದ ಕಾವು ಇರುತ್ತದಲ್ಲ, ಅಣು ಒಲೆಯ ಕಾವು ಬಹಳ ದಿನ ಇರುತ್ತದೆ. ಅದಕ್ಕೆ ನೀರು ಹರಿಸುತ್ತಲೇ ಇರಬೇಕು. ಪಂಪಿಗೆ ಕರೆಂಟು ಬೇಕು. ಕರೆಂಟು ಹೋದರೆ ಇರಲಿ ಅಂತ 13 ಡೀಸೆಲ್ ಜನರೇಟರ್ ಇಟ್ಟಿದ್ದರು. ಹದಿಮೂರು! ಯಾರಿಗಾದರೂ ಧೈರ್ಯ ಬರುತ್ತದೆ.

2011ರ ಮಾರ್ಚ್ 11ರಂದು ಭೂಕಂಪ ಆಯಿತು. ಹೊರಗಿನ ಕರೆಂಟು ಹೋಯಿತು. ಜನರೇಟರುಗಳು ತಾವಾಗಿಯೇ ಶುರುವಾದವು. ಒಂದು ಗಂಟೆಯೊಳಗೆ ಸುನಾಮಿ ಅಲೆ ನುಗ್ಗಿತು. ಹೆಚ್ಚಿನ ಜನರೇಟರುಗಳು ಇದ್ದದ್ದು ನೆಲಮಾಳಿಗೆಯಲ್ಲಿ. ನೀರು ತುಂಬಿ ನಿಂತುಹೋದವು. ಕೆಲವು ಮೇಲೆ ಇದ್ದವು, ಅವಕ್ಕೆ ನೀರು ತಾಗಲಿಲ್ಲ. ಆದರೆ ಅವುಗಳ ಸ್ವಿಚ್ ಬೋರ್ಡು ಕೆಳಗಿತ್ತು. ಬೋರ್ಡು ಮುಳುಗಿತು. ಅಲ್ಲಿಗೆ ಅವೂ ಇದ್ದೂ ಇಲ್ಲದಂತಾದವು. ಮೂರು ಘಟಕಗಳ ಇಂಧನ ಕಾದು ಕರಗಿತು. ಲಕ್ಷಕ್ಕೂ ಹೆಚ್ಚು ಜನ ಮನೆ, ಹೊಲ ಬಿಟ್ಟು ಹೋಗಬೇಕಾಯಿತು.

ಒಂದೇ ಒಂದು ಜನರೇಟರ್ ನಿಲ್ಲಲಿಲ್ಲ. ಅದು ಆರನೇ ಘಟಕದ್ದು. ಬೇರೆ ಕಟ್ಟಡದಲ್ಲಿ, ಎತ್ತರದ ಜಾಗದಲ್ಲಿತ್ತು. ತಂಪಾಗೋಕೆ ಅದಕ್ಕೆ ಸಮುದ್ರದ ನೀರು ಬೇಕಿರಲಿಲ್ಲ, ಗಾಳಿ ಸಾಕಿತ್ತು. ಅದೊಂದರ ಕರೆಂಟಿನಿಂದ 5 ಮತ್ತು 6ನೇ ಘಟಕಗಳೆರಡೂ ಉಳಿದುಕೊಂಡವು.